ಬೇಲಿಗುಂಟ ಎರಡು ಸಲ

ಮಾಲಿ ಕ್ರೇಗ್ ಎಂಬ ಹುಡುಗಿಗೆ ಮನೆಯ ದಾರಿ ತೋರಿಸಿದ್ದು ಮೊಲಗಳನ್ನು ತಡೆಯಲು ಹಾಕಿದ ಒಂದು ತಂತಿಬೇಲಿ. ಪಶ್ಚಿಮ ಆಸ್ಟ್ರೇಲಿಯಾದ ಉದ್ದಕ್ಕೂ 1,800 ಕಿಲೋಮೀಟರಿಗಿಂತ ಹೆಚ್ಚು ದೂರ ಹಬ್ಬಿದ ಆ ಬೇಲಿ 1907ರಲ್ಲಿ ಪೂರ್ತಿಯಾಯಿತು. ಮಾಲಿಯ ಬಿಳಿಯ ತಂದೆ ಅದರ ಉಸ್ತುವಾರಿ ನೋಡುತ್ತಿದ್ದವನು. ತಾಯಿ ಅಲ್ಲಿನ ಮೂಲನಿವಾಸಿ. ಅವರ ಊರು ಜಿಗಲಾಂಗ್, ಬೇಲಿಯ ಮಗ್ಗುಲಲ್ಲೇ.

ಇಂಥ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ‘ಸುಧಾರಿಸುವುದು’ ಆಗಿನ ಸರ್ಕಾರದ ನೀತಿ. ಅದನ್ನು ನಡೆಸುತ್ತಿದ್ದ ಎ. ಓ. ನೆವಿಲ್‌ನ ಹುದ್ದೆಯ ಹೆಸರು ‘ಮೂಲನಿವಾಸಿಗಳ ಮುಖ್ಯ ಸಂರಕ್ಷಕ’. ಕಾನೂನಿನ ಪ್ರಕಾರ ಆ ಮಕ್ಕಳ ಪಾಲಕ ಅವನೇ, ಹೆತ್ತವಳಲ್ಲ.

1931ರಲ್ಲಿ 14 ವರ್ಷದ ಮಾಲಿಯನ್ನೂ, ವರಸೆಯಲ್ಲಿ ತಂಗಿಯರಾದ ಡೇಸಿ, ಗ್ರೇಸಿಯರನ್ನೂ ಪರ್ತ್ ನಗರದ ಉತ್ತರಕ್ಕಿದ್ದ ಮೂರ್ ರಿವರ್ ಎಂಬಲ್ಲಿಗೆ ಒಯ್ದರು. ಹೆಸರಿಗೆ ವಸತಿ, ಶಾಲೆ. ಕಿಟಕಿಗೆ ಸರಳು, ರಾತ್ರಿ ಬಾಗಿಲಿಗೆ ಬೀಗ, ತಾಯ್ನುಡಿ ಆಡಿದರೆ ಗದರಿಕೆ. ಮರುದಿನವೇ ಮೂವರೂ ಹೊರಬಿದ್ದರು. ಬೇಲಿ ಸಿಕ್ಕರೆ ಮನೆ ಸಿಕ್ಕಿತು ಎಂಬುದೊಂದೇ ಮಾಲಿಗೆ ಗೊತ್ತಿದ್ದ ಭೂಗೋಳ. ಹೊಲದ ಮನೆಯ ಹೆಂಗಸೊಬ್ಬಳು ಊಟ ಕೊಟ್ಟಳು, ಕೋಟು ಕೊಟ್ಟಳು. ಮಕ್ಕಳು ಕಾಡಿನಲ್ಲಿ ಸತ್ತಾರೆಂದು ಹೆದರಿ ಅಧಿಕಾರಿಗಳಿಗೆ ಸುದ್ದಿಯನ್ನೂ ಮುಟ್ಟಿಸಿದಳು. ಗ್ರೇಸಿ ನಡುದಾರಿಯಲ್ಲಿ ಸಿಕ್ಕಿಬಿದ್ದಳು. ಉಳಿದಿಬ್ಬರು ಸುಮಾರು 1,600 ಕಿಲೋಮೀಟರ್ ನಡೆದು ಊರು ಮುಟ್ಟಿದರು.

‘ರ್‍ಯಾಬಿಟ್ ಪ್ರೂಫ್ ಫೆನ್ಸ್’ ಸಿನಿಮಾ ಹೇಳುವುದು ಈ ಕತೆ. ಪುಣೆಯ ನಮ್ಮ ಮನೆಯಲ್ಲಿ ಅದನ್ನು ನಾನು, ಮಗಳು ಕೂತು ನೋಡಿದೆವು. ಹುಡುಗಿಯರು ಊರು ಸೇರಿದಾಗ ಮಗಳು ಚಪ್ಪಾಳೆ ಹೊಡೆದಳು. ಆಮೇಲೆ ಕೊನೆಯಲ್ಲಿ ಬರುವ ನಾಲ್ಕು ಮಾತು ಕೇಳಿ ಸುಮ್ಮನಾದಳು.

ಮಾಲಿ ದೊಡ್ಡವಳಾದಳು, ಮದುವೆಯಾಯಿತು, ಎರಡು ಹೆಣ್ಣುಮಕ್ಕಳಾದವು. 1940ರಲ್ಲಿ ಅಪೆಂಡಿಕ್ಸ್ ಆಪರೇಷನ್‌ಗೆಂದು ಪರ್ತ್‌ಗೆ ಒಯ್ದವರು ಅವಳನ್ನೂ ಮಕ್ಕಳನ್ನೂ ಮತ್ತೆ ಅದೇ ಮೂರ್ ರಿವರ್‌ಗೆ ಸೇರಿಸಿದರು. ನೆವಿಲ್ ನಿವೃತ್ತನಾಗಿದ್ದ, ಪದ್ಧತಿ ನಿವೃತ್ತವಾಗಿರಲಿಲ್ಲ. ಎರಡನೇ ಮಹಾಯುದ್ಧ ನಡೆದಿತ್ತು. ಆಸ್ಟ್ರೇಲಿಯಾದ ಸೈನಿಕರು ಉತ್ತರ ಆಫ್ರಿಕಾದಲ್ಲಿ ಹೋರಾಡುತ್ತಿದ್ದ 1941ರಲ್ಲಿ ಈ ತಾಯಿ ತನ್ನದೇ ಸರ್ಕಾರದಿಂದ ತಪ್ಪಿಸಿಕೊಂಡು ಮತ್ತೆ ಅದೇ ದಾರಿ ನಡೆದಳು. ಕಂಕುಳಲ್ಲಿ ಒಂದೂವರೆ ವರ್ಷದ ಆನಬೆಲ್. ನಾಲ್ಕರ ಆಸುಪಾಸಿನ ಡೋರಿಸ್ ಅಲ್ಲೇ ಉಳಿದಳು. ಕೆಲವು ವರ್ಷಗಳಲ್ಲಿ ಆನಬೆಲ್‌ಳನ್ನೂ ಕಿತ್ತುಕೊಂಡರು. ಮಾಲಿ ಅವಳ ಮುಖ ಮತ್ತೆ ನೋಡಲೇ ಇಲ್ಲ.

“ಅಮ್ಮಾ, ಇಬ್ರಾಗ ಯಾರನ್ನ ಎತ್ಕೋಬೇಕಂತ ಆಕಿ ಹೆಂಗ್ ಠರಾಯಿಸಿದ್ಲು?” ಮಗಳು ಕೇಳಿದಳು. ನಡೆಯಲಾರದ್ದನ್ನು ಎತ್ತಿಕೊಂಡಿರಬೇಕು ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲೂ ಒಂದು ಮಾತು ನಡೆದಿತ್ತು. ಇವರಿಗೆ ವರ್ಗವಾಗುವ ಸೂಚನೆ. ಎಂಟನೇ ಇಯತ್ತೆಯ ಮಗಳನ್ನು ವಸತಿ ಶಾಲೆಗೆ ಹಾಕಿದರೆ ಹೇಗೆ ಅಂತ. ಒಳ್ಳೆಯ ಶಾಲೆಯೇ, ಮೂರ್ ರಿವರ್‌ಗೂ ಅದಕ್ಕೂ ಹೋಲಿಕೆಯಿಲ್ಲ. ಆದರೆ ಬಂಧು-ಬಳಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: “ಅವಳ ಒಳ್ಳೇದಕ್ಕೇ.” ನೆವಿಲ್ ನಂಬಿದ್ದೂ ಅದನ್ನೇ. ಸರಳು, ಬೀಗಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು. “ನನಗೆ ಮನೆಗೆ ಹೋಗಬೇಕು” ಎಂದು ಮಗು ಹೇಳಿದಾಗ ಅದಕ್ಕೆ ಬೆಲೆಯೇ ಇಲ್ಲದ ಜಾಗ ಎಷ್ಟೇ ಚೆಂದವಿರಲಿ, ಅದನ್ನು ಶಾಲೆ ಎನ್ನಲು ನನ್ನ ಬಾಯಿ ಬರುವುದಿಲ್ಲ.

ತಾಯಿಯನ್ನು ಮತ್ತೆ ನೋಡಲು ಡೋರಿಸ್‌ಗೆ ಎರಡು ದಶಕ ಬೇಕಾಯಿತು. ತಾಯಿಯ ನಡಿಗೆಯನ್ನು 1996ರಲ್ಲಿ ಪುಸ್ತಕ ಮಾಡಿದವಳು ಅವಳೇ. ಆಸ್ಟ್ರೇಲಿಯಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಮಾಲಿ ಜಿಗಲಾಂಗ್‌ನಲ್ಲಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

ಮಗಳಿಗೆ ನಾವು ಎರಡು ಮಾತು ಕೊಟ್ಟಿದ್ದೇವೆ. ಶಾಲೆಯನ್ನು ಅವಳೇ ನೋಡಿ ಬಂದು ಹೂಂ ಅಂದರೆ ಮಾತ್ರ ಸೇರಿಸುವುದು. ಸೇರಿದ ಮೇಲೂ “ಕರ್ಕೊಂಡು ಹೋಗ್ರಿ” ಅಂದರೆ, ಕಾರಣ ಕೇಳುವ ಮೊದಲು ಗಾಡಿ ಹತ್ತುವುದು. ಅವಳಿನ್ನೂ ಏನೂ ಹೇಳಿಲ್ಲ. ನಾವೂ ಅವಸರ ಮಾಡಿಲ್ಲ.