ಗಡಿಯಾಚೆ ಒಂದು ಬಾಡಿಗೆ ಮನೆ

ಭಾನುವಾರ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಜನ ನಿಂತರೆ ಮಾತು ಮಕ್ಕಳ ಶಾಲೆಯ ಶುಲ್ಕದಿಂದ ಹೊರಟು ಮನೆ ಬಾಡಿಗೆಗೆ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ಸಂಬಳದ ಅರ್ಧಭಾಗ ಮನೆಯ ಮಾಲೀಕರ ಪಾಲು. "ಹೊಸೂರಿಗೆ ಹೋಗಿಬಿಡಿ, ಅಲ್ಲಿ ಎಲ್ಲವೂ ಅಗ್ಗ" ಎಂದು ಹೇಳುವವರು ಆ ಗುಂಪಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಹೇಳುವವರು ಮಾತ್ರ ಹೋಗಿರುವುದಿಲ್ಲ!

ನಮಗೆ ಈ ಮಾತು ಮನಸ್ಸಿಗೆ ಹತ್ತಲು ಕಾರಣವಿತ್ತು. ನಮ್ಮ ಮನೆಯಲ್ಲಿ ದುಡಿಮೆ ನಡೆಯುವುದು ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ. ಅಲ್ಲಿಂದ ಹೊಸೂರು ಹದಿನೈದು ಕಿಲೋಮೀಟರ್ ಆಸುಪಾಸು. ಬೆಂಗಳೂರಿನ ಒಳಗಿನ ನಮ್ಮ ಬಾಡಿಗೆ ಮನೆ ಅದಕ್ಕಿಂತ ದೂರ. ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಇದ್ದಾರೆ, ಏಳನೆಯ ತರಗತಿಯ ಮಗಳಿದ್ದಾಳೆ. ಆದ್ದರಿಂದ ಈ ವರ್ಷ ರಜೆಯ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಹೊಸೂರು, ಡೆಂಕಣಿಕೋಟೆ, ರಾಯಕೋಟೆ, ಕೃಷ್ಣಗಿರಿ ಎಂದು ಸುತ್ತಿದೆವು. ಕಂಡದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಇದೇ ಯೋಚನೆಯಲ್ಲಿರುವ ಕುಟುಂಬಗಳಿಗೆ ಉಪಯೋಗವಾದೀತು.

ಅತ್ತಿಬೆಲೆ ದಾಟಿ ಜೂಜುವಾಡಿ ತಲುಪಿದರೆ ತಮಿಳುನಾಡು. ಫಲಕಗಳ ಲಿಪಿ ಬದಲಾಗುತ್ತದೆ, ಮಣ್ಣು, ಗಾಳಿ ಬದಲಾಗುವುದಿಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ತಂಪನ್ನೇ ಇಲ್ಲಿಯೂ ಅನುಭವಿಸಬಹುದು. ಹೆಸರೇ ಕನ್ನಡ. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ತೆಲುಗಿನವರೂ ಬಹಳ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿ ಮಾತಾಡುವ ಹೂವಿನ ಅಜ್ಜಿಯೊಬ್ಬರನ್ನು ಕಂಡು ನಮ್ಮ ಮಗಳು ಬೆರಗಾದಳು.

ಈ ಊರು ಬೆಳೆದದ್ದು ಸಿಪ್‌ಕಾಟ್ ಎಂಬ ಸರ್ಕಾರಿ ಕೈಗಾರಿಕಾ ನಿಗಮದಿಂದ. 1970ರ ದಶಕದಲ್ಲಿ ಅದು ಇಲ್ಲಿ ಜಾಗ ಕೊಡಲು ಆರಂಭಿಸಿತು. ಆಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ನಮ್ಮ ತಂದೆಯವರ ಕಾಲದಲ್ಲಿ ಮನೆಮನೆಯಲ್ಲಿದ್ದ ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಈಚಿನ ವರ್ಷಗಳಲ್ಲಿ ಬ್ಯಾಟರಿ ಸ್ಕೂಟರ್ ಕಾರ್ಖಾನೆಗಳೂ ಮೊಬೈಲ್ ಬಿಡಿಭಾಗಗಳ ದೊಡ್ಡ ಕಾರ್ಖಾನೆಯೂ ಈ ಜಿಲ್ಲೆಗೆ ಬಂದಿವೆ. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಕೆಲಸ ಹೆಚ್ಚಿದಂತೆ ಬಾಡಿಗೆಯೂ ಏರಿದೆ. ಬಸ್ ನಿಲ್ದಾಣದ ಸುತ್ತ, ಹೆದ್ದಾರಿಯ ಮಗ್ಗುಲಿಗೆ ನಾವು ಕೇಳಿದ ಬಾಡಿಗೆ ನಮ್ಮ ಈಗಿನ ಬಾಡಿಗೆಗಿಂತ ಕಡಿಮೆಯೇನೋ ಹೌದು, ಆದರೆ ಸ್ನೇಹಿತರು ಹೇಳಿದಂತೆ ಅರ್ಧವಂತೂ ಅಲ್ಲ.

ಊರಿನಿಂದ ತುಸು ಆಚೆಗೆ ಮತ್ತಿಗಿರಿ. ನಮಗೆ ಹಿಡಿಸಿದ್ದು ಇದೇ. ಇಲ್ಲಿಯ ಸರ್ಕಾರಿ ಜಾನುವಾರು ಕ್ಷೇತ್ರ 1824ರಷ್ಟು ಹಳೆಯದು. ಕಂಪನಿ ಸರ್ಕಾರ ತನ್ನ ಸೇನೆಯ ಕುದುರೆಗಳಿಗಾಗಿ ತೆರೆದದ್ದಂತೆ. ಅದರ ಹುಲ್ಲುಗಾವಲು ಮರಗಳೂ ಇರುವುದರಿಂದ ಆ ಕಡೆ ಗಾಳಿ ಚೆನ್ನಾಗಿದೆ, ಸಂಜೆ ಅಮ್ಮನನ್ನು ಕೈಹಿಡಿದು ನಡೆಸಲು ರಸ್ತೆಯಿದೆ. ರಾಜಾಜಿಯವರು ಹುಟ್ಟಿದ ತೊರಪಳ್ಳಿಯೂ ಹೊಸೂರಿಗೆ ಹತ್ತಿರದಲ್ಲೇ ಇದೆ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ, ಮಕ್ಕಳನ್ನು ಕರೆದೊಯ್ಯಬಹುದು.

ತರಕಾರಿಯ ಮಾತು ಹೇಳಲೇಬೇಕು. ಹೊಸೂರಿನ ರೈತರ ಸಂತೆಗೆ ಅಲ್ಲಿಯವರು ಉಳವರ್ ಸಂದೈ ಎನ್ನುತ್ತಾರೆ. 1999ರಲ್ಲಿ ತಮಿಳುನಾಡು ಆರಂಭಿಸಿದ ಯೋಜನೆ ಅದು. ಬೆಳೆದವರೇ ತಂದು ಮಾರುತ್ತಾರೆ, ದಿನದ ಬೆಲೆ ಫಲಕದಲ್ಲಿ ಬರೆದಿರುತ್ತದೆ, ಚೌಕಾಸಿಯ ಗೋಜಿಲ್ಲ. ಬೆಳಿಗ್ಗೆ ಬೇಗ ಹೋಗಬೇಕು. ಒಂದು ಚೀಲ ತುಂಬ ಕೋಸು, ಹುರುಳಿಕಾಯಿ, ಸೊಪ್ಪು ಕೊಂಡು ಲೆಕ್ಕ ಹಾಕಿದಾಗ ಮನೆಯ ಲೆಕ್ಕದ ಪುಸ್ತಕ ನೋಡಿಕೊಳ್ಳುವವರ ಮುಖ ಅರಳಿತು.

ಹೊಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಬೇಟರಾಯಸ್ವಾಮಿ ದೇವಸ್ಥಾನದ ಊರು ಡೆಂಕಣಿಕೋಟೆ. ಇತ್ತ ತಳಿ. ಬ್ರಿಟಿಷರು ತಳಿಯನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆಯುತ್ತಿದ್ದರಂತೆ, ಅಷ್ಟು ತಂಪು. ಪ್ಲಾಸ್ಟಿಕ್ ಹೊದಿಸಿದ ಗುಲಾಬಿ ತೋಟಗಳು ದಾರಿಯುದ್ದಕ್ಕೂ ಕಾಣುತ್ತವೆ. ಫೆಬ್ರವರಿ ತಿಂಗಳಲ್ಲಿ ಈ ಹೂವು ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತದೆ. ಉಳಿದ ಹೊಲಗಳಲ್ಲಿ ರಾಗಿ. ಈ ಭಾಗದ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತಾಗಿರುವ ಕುಟುಂಬಗಳು ಹೇರಳ. ಸರ್ಕಾರಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಬಾಡಿಗೆ ನಿಜವಾಗಿಯೂ ಕಡಿಮೆ. ಆದರೆ ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟ, ಜವಳಗಿರಿ ಕಡೆಯ ಕಾಡಿನಿಂದ ಆನೆಗಳ ಹಿಂಡು ಇಳಿಯುತ್ತದೆ. ಆ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಓಡಾಡಬೇಡಿ ಎಂದು ಊರಿನವರೇ ಎಚ್ಚರಿಸುತ್ತಾರೆ. ಪಾಳಿ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುವವರಿಗೆ ಈ ಊರು ಹೇಗೆ ಹೊಂದೀತು? ಕೆಲಸದ ಗೊಡವೆಯಿಲ್ಲದ ನಿವೃತ್ತರು ಯೋಚಿಸಬಹುದು, ಆಸ್ಪತ್ರೆ ದೂರವೆಂಬುದನ್ನು ನೆನಪಿಟ್ಟುಕೊಂಡು.

ರಾಯಕೋಟೆಯಲ್ಲಿ ಕೋಟೆ ಚೆಂದ, ಟೊಮ್ಯಾಟೊ ಮಂಡಿ ದೊಡ್ಡದು, ಬೆಂಗಳೂರು-ಸೇಲಂ ರೈಲು ದಾರಿಯೂ ಇದೆ. ವಾಸಕ್ಕೆಂದು ನಮಗೆ ಮನಸ್ಸಾಗಲಿಲ್ಲ.

ಕೃಷ್ಣಗಿರಿ ಬೇರೆಯೇ ಲೋಕ. ಶೂಲಗಿರಿ ದಾಟಿ ರಸ್ತೆ ಇಳಿಯುತ್ತಿದ್ದಂತೆ ಬಿಸಿ ಮುಖಕ್ಕೆ ಹೊಡೆಯುತ್ತದೆ. ಹೊಸೂರಿಗಿಂತ ಮುನ್ನೂರು ನಾನೂರು ಮೀಟರ್ ತಗ್ಗಿನ ಊರು ಅದು. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರ್ಪಟ್ಟು ಜಿಲ್ಲೆಯಾದಂದಿನಿಂದ ಕಚೇರಿಗಳೆಲ್ಲ ಅಲ್ಲೇ. ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಚೆನ್ನೈ, ಸೇಲಂ, ತಿರುವಣ್ಣಾಮಲೈ, ಕುಪ್ಪಂ ಎಲ್ಲ ಕಡೆಗೂ ಹೆದ್ದಾರಿ, ಆದರೆ ರೈಲು ನಿಲ್ದಾಣವಿಲ್ಲ. ಮಾವಿನ ಕಾಲದಲ್ಲಿ ಹೋದರೆ ಊರೇ ಘಮಘಮ. ತೋತಾಪುರಿಯನ್ನು ಲಾರಿಗಟ್ಟಲೆ ತಿರುಳು ತೆಗೆಯುವ ಕಾರ್ಖಾನೆಗೆ ಸಾಗಿಸುತ್ತಾರೆ. ಮನೆ ಬಾಡಿಗೆ ಹೊಸೂರಿಗಿಂತ ಹಗುರ. ಆದರೆ ಬೊಮ್ಮಸಂದ್ರಕ್ಕೆ ದಿನಾ ಹೋಗಿಬರಲು ಅಲ್ಲಿಂದ ಸಾಧ್ಯವಿಲ್ಲ. ಕನ್ನಡವೂ ಅಲ್ಲಿ ತೆಳುವಾಗುತ್ತದೆ.

ನೀರನ್ನು ಕುರಿತು ಕೇಳದೆ ಯಾರೂ ಮನೆ ಹಿಡಿಯಬಾರದು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುವುದು, ಮೂಳೆ ನೋಯುವುದು ಅದರಿಂದಲೇ. ಇದಕ್ಕಾಗಿಯೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2008ರಲ್ಲಿ ನಮ್ಮ ಕಡೆ ಅದಕ್ಕೆ ಎಷ್ಟು ಪ್ರತಿಭಟನೆ ನಡೆಯಿತೆಂದು ಹಿರಿಯರಿಗೆ ನೆನಪಿರಬಹುದು. 2013ರಿಂದ ಕಾವೇರಿ ನೀರು ಈ ಊರುಗಳಿಗೆ ಬರುತ್ತಿದೆ. ಆದ್ದರಿಂದ "ನೀರು ಇದೆಯೇ" ಎಂದಷ್ಟೇ ಕೇಳದೆ "ಕುಡಿಯಲು ಹೊಗೇನಕಲ್ ನೀರೋ, ಬೋರ್ ನೀರೋ, ಎಷ್ಟು ದಿನಕ್ಕೊಮ್ಮೆ" ಎಂದು ಕೇಳಿ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಮಳೆಗಾಲದಲ್ಲಿ ಏಳುವ ಬಿಳಿ ನೊರೆಯನ್ನೂ ನೋಡಿ ಬಂದೆವು. ದಕ್ಷಿಣ ಪಿನಾಕಿನಿಯಲ್ಲಿ ಹರಿದು ಬಂದ ನಮ್ಮದೇ ಬೆಂಗಳೂರಿನ ಕೊಳಕು ಅದು. ಅಲ್ಲಿಯ ರೈತರ ಮುಂದೆ ತಲೆಯೆತ್ತಿ ನಿಲ್ಲಲು ನಾಚಿಕೆಯಾಯಿತು.

ಎಲ್ಲಕ್ಕಿಂತ ನಮ್ಮನ್ನು ಕಾಡಿದ್ದು ಮಗಳ ಓದು. 2006ರ ಕಾನೂನಿನಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತ ಹಂತವಾಗಿ ಕಡ್ಡಾಯವಾಯಿತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಿನಾಯಿತಿ ಬೇಕೆಂದು ಕನ್ನಡ, ತೆಲುಗು, ಉರ್ದು ಮಕ್ಕಳ ಪರವಾಗಿ ಹೈಕೋರ್ಟ್, ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಇನ್ನೊಂದು ವಿಷಯವನ್ನು ಬಹಳ ತಂದೆ-ತಾಯಿಯರು ಗಮನಿಸುವುದಿಲ್ಲ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮವೆಂದರೆ, ಮಗು ಒಂದರಿಂದ ಹನ್ನೆರಡರ ನಡುವೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಅಲ್ಲದೆ ಎಸ್ಸೆಸ್ಸೆಲ್ಸಿ ಇಲ್ಲವೇ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು. ತಮಿಳುನಾಡಿನ ಇಂಜಿನಿಯರಿಂಗ್ ಪ್ರವೇಶಕ್ಕೆ ಎಂಟರಿಂದ ಹನ್ನೆರಡರವರೆಗೆ ಅಲ್ಲಿ ಓದಿದವರನ್ನು ಅಲ್ಲಿಯವರೆಂದೇ ಎಣಿಸುತ್ತಾರೆ. ನಮ್ಮ ಮಗಳು ಈಗ ಏಳು ಮುಗಿಸುತ್ತಿದ್ದಾಳೆ. ಅಂದರೆ ಇದೇ ವರ್ಷ ದಾರಿ ಕವಲೊಡೆಯುತ್ತದೆ. ಎಂಟಕ್ಕೆ ಆಚೆ ಸೇರಿಸಿ ಹತ್ತಕ್ಕೆ ಈಚೆ ತಂದರೆ ಆಚೆಯ ಲೆಕ್ಕ ತಪ್ಪುತ್ತದೆ. ಆಚೆಯೇ ಹನ್ನೆರಡು ಮುಗಿಸಿದರೆ ಈಚೆಯ ಲೆಕ್ಕ ತಪ್ಪುತ್ತದೆ. ಕೊನೆಗೆ ಅವಳನ್ನೇ ಕೇಳಿದೆವು. "ಮನೆ ಎಲ್ಲಿದ್ದರೂ ಸರಿ, ಕನ್ನಡ ಬಿಡೋದಿಲ್ಲ" ಎಂದಳು. ಅತ್ತಿಬೆಲೆ ಕಡೆಯ ಶಾಲೆಗಳ ವಾಹನ ಹೊಸೂರಿನವರೆಗೂ ಬರುತ್ತದೆಯೇ ಎಂದು ವಿಚಾರಿಸಿದೆವು. ಕೆಲವು ಬರುತ್ತವೆ.

ಅಮ್ಮನ ಚಿಂತೆ ದೇವಾಲಯದ್ದು. ಹೊಸೂರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದಲ್ಲ. ಸೇಲಂನಿಂದ ಬೇರ್ಪಟ್ಟು 1997ರಲ್ಲಿ ಸ್ಥಾಪನೆಯಾದ ಧರ್ಮಪುರಿ ಧರ್ಮಪ್ರಾಂತ್ಯ ಅದು. ಮನೆ ಬದಲಾಯಿಸುವವರು ಇಲ್ಲಿಯ ಗುರುಗಳಿಂದ ಪತ್ರ, ದೀಕ್ಷಾಸ್ನಾನದ ಪ್ರಮಾಣಪತ್ರಗಳನ್ನು ತೆಗೆದುಕೊಂಡು ಅಲ್ಲಿಯ ಧರ್ಮಕೇಂದ್ರದಲ್ಲಿ ಹೆಸರು ಬರೆಸಬೇಕು. ಪೂಜೆ ಮುಖ್ಯವಾಗಿ ತಮಿಳಿನಲ್ಲಿ. ಅಮ್ಮ ಒಂದು ಭಾನುವಾರ ಕುಳಿತು ಪೂರ್ತಿ ಕೇಳಿ, ಹೊರಗೆ ಬಂದು ಹೇಳಿದರು: "ಪೂಜೆ ಯಾವ ಭಾಷೆಯಲ್ಲಾದರೂ ನಡೆದೀತು ಕಣಪ್ಪಾ, ಪಾಪನಿವೇದನೆ ಮಾತ್ರ ನನಗೆ ಕನ್ನಡದಲ್ಲೇ ಆಗಬೇಕು." ತಿಂಗಳಿಗೊಮ್ಮೆ ಹೊಸೂರು ರಸ್ತೆಯ ಈಚೆಯ ದೇವಾಲಯಕ್ಕೆ ಕರೆತರುವುದಾಗಿ ಮಾತು ಕೊಟ್ಟಿದ್ದೇವೆ.

ಕಾಯಿಲೆ ಬಂದರೆ ಬೊಮ್ಮಸಂದ್ರದ ಹೃದಯಾಲಯವಿದೆ, ಕೋರಮಂಗಲದ ಸಂತ ಜಾನರ ಆಸ್ಪತ್ರೆಗೆ ಒಂದೇ ನೇರ ರಸ್ತೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ಊರೊಳಗೆ ಹೋಗುವುದೂ ಸಲೀಸು. ಆದರೆ ಗಡಿ ಗಡಿಯೇ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಭೆಯಾದಾಗ ಬಸ್ಸುಗಳು ನಿಂತು, ಜನ ಮಕ್ಕಳನ್ನು ಎತ್ತಿಕೊಂಡು, ಗಂಟುಮೂಟೆ ಹೊತ್ತು ಅತ್ತಿಬೆಲೆಯಿಂದ ಜೂಜುವಾಡಿಗೆ ನಡೆದರು. 2020ರ ಕೊರೊನಾ ಕಾಲದಲ್ಲಿ ಇ-ಪಾಸ್ ಇಲ್ಲದೆ ದಾಟಲಾಗುತ್ತಿರಲಿಲ್ಲ. ಇಂಥ ದಿನಗಳಿಗೆಂದು ಬೆಂಗಳೂರಿನಲ್ಲಿ ಉಳಿಯಲು ಒಬ್ಬ ನೆಂಟರ ಮನೆಯನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಅಲ್ಲಿಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಬೇಕು, ಹೊಸೂರಿನದು ಟಿಎನ್ 70. ಪಡಿತರ ಚೀಟಿಯೂ ಹೊಸದು.

ನಿವೇಶನ ಕೊಳ್ಳುವ ಆಸೆ ನಮಗೂ ಹುಟ್ಟಿತು, ಸುಳ್ಳೇಕೆ. 2024ರ ಜೂನ್‌ನಲ್ಲಿ ಹೊಸೂರಿಗೆ ವಿಮಾನ ನಿಲ್ದಾಣ ಬರುವುದೆಂದು ತಮಿಳುನಾಡು ವಿಧಾನಸಭೆಯಲ್ಲಿ ಘೋಷಣೆಯಾದ ಮೇಲೆ ದಲ್ಲಾಳಿಗಳ ಬಾಯಲ್ಲಿ ಎಲ್ಲ ಹೊಲವೂ ವಿಮಾನ ನಿಲ್ದಾಣದ ಪಕ್ಕದ್ದೇ! ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ 2033ರವರೆಗೆ 150 ಕಿಲೋಮೀಟರ್ ಒಳಗೆ ಇನ್ನೊಂದು ಬರಬಾರದೆಂಬ ಷರತ್ತಿದೆ ಎಂಬುದನ್ನು ಅವರು ಹೇಳುವುದಿಲ್ಲ. ಅಲ್ಲಿ ಮುದ್ರಾಂಕ ಮತ್ತು ವರ್ಗಾವಣೆ ಶುಲ್ಕ ಶೇ. 7. ನೋಂದಣಿ ಶುಲ್ಕವನ್ನು 2023ರ ಏಪ್ರಿಲ್‌ನಲ್ಲಿ ಶೇ. 4ರಿಂದ 2ಕ್ಕೆ ಇಳಿಸಿದರು. ಒಟ್ಟು 9. ನಮ್ಮಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದರೂ ಒಟ್ಟು ಅದಕ್ಕಿಂತ ಕಡಿಮೆಯೇ. ಇಲ್ಲಿ ಖಾತೆ, ಪಹಣಿ ಎಂದು ಕೇಳುವಂತೆ ಅಲ್ಲಿ ಪಟ್ಟಾ, ಚಿಟ್ಟಾ ಕೇಳಬೇಕು. ಋಣಭಾರ ಪತ್ರಕ್ಕೆ ವಿಲ್ಲಂಗಂ ಎನ್ನುತ್ತಾರೆ. ಬಡಾವಣೆಗೆ ಡಿಟಿಸಿಪಿ ಅನುಮತಿ ಇದೆಯೇ ನೋಡಬೇಕು. ಅನುಮತಿಯಿಲ್ಲದ ಹಳೆಯ ನಿವೇಶನಗಳನ್ನು ಸಕ್ರಮಗೊಳಿಸಲು 2017ರಲ್ಲಿ ಯೋಜನೆ ಬಂದರೂ, ಅದು 2016ರ ಅಕ್ಟೋಬರ್ 20ಕ್ಕೆ ಮೊದಲು ಮಾರಾಟವಾದವುಗಳಿಗೆ. ಪತ್ರಗಳೆಲ್ಲ ತಮಿಳಿನಲ್ಲಿರುತ್ತವೆ, ಓದಬಲ್ಲ ನಂಬಿಕಸ್ತರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ನಾವು ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಮತ್ತಿಗಿರಿಯ ಕಡೆ ಎರಡು ಕೋಣೆಯ, ಅಂಗಳದಲ್ಲಿ ಸೀಬೆ ಮರವಿರುವ ಮನೆಯೊಂದನ್ನು ಹನ್ನೊಂದು ತಿಂಗಳ ಕರಾರಿಗೆ ಹಿಡಿದಿದ್ದೇವೆ. ಮಗಳ ಶಾಲೆ ಅತ್ತಿಬೆಲೆಯಲ್ಲಿ. ಪರೀಕ್ಷೆ ಮುಗಿದ ಮರುವಾರ ಸಾಮಾನು ಸಾಗಿಸುತ್ತೇವೆ. ಅಮ್ಮ ಈಗಾಗಲೇ ಸ್ವಾಮಿಯ ಪಟಕ್ಕೆ ಮೊಳೆ ಹೊಡೆಯುವ ಗೋಡೆಯನ್ನು ಗೊತ್ತುಮಾಡಿದ್ದಾರೆ, ಮಾಲೀಕರ ಒಪ್ಪಿಗೆಯೊಂದು ಬಾಕಿ.