ಹೆಸರು ಅದೇ, ದುಭಾಷಿ ಬೇರೆ

ನಾವು ಬರೆದು ಕೊಡುವ ಆಜ್ಞೆಗಳನ್ನು ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ತಂತ್ರಾಂಶಕ್ಕೆ ಶೆಲ್ ಎನ್ನುತ್ತಾರೆ. ಅದೊಂದು ಬಗೆಯ ದುಭಾಷಿ. ಮತ್ತೆ ಮತ್ತೆ ಮಾಡುವ ಕೆಲಸದ ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ಒಮ್ಮೆ ಬರೆದಿಟ್ಟದ್ದು ಸದಾ ನಡೆಯುತ್ತದೆ ಎಂದು ನಾವು ನಂಬುತ್ತೇವೆ. ಆದರೆ ದುಭಾಷಿಯೇ ಬದಲಾದರೆ?

ನಮ್ಮ ಜಮಾಅತಿನಲ್ಲಿ ಬಡ್ಡಿರಹಿತ ಸಾಲ ಕೊಡುವ ಸಣ್ಣ ನಿಧಿಯೊಂದಿತ್ತು. ಮದುವೆಗೋ ಆಸ್ಪತ್ರೆಗೋ ಹಣ ಬೇಕಾದ ಹೆಂಗಸರು ಬಳೆ, ಸರ ತಂದು ಅಡವಿಡುತ್ತಿದ್ದರು. ಯಾರ ಚಿನ್ನ ಎಷ್ಟು ಗ್ರಾಂ, ಯಾವ ಪೊಟ್ಟಣದಲ್ಲಿದೆ ಎಂಬ ಲೆಕ್ಕವೆಲ್ಲ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿತ್ತು. ಕಾಲೇಜು ಹುಡುಗನೊಬ್ಬ ಬರೆದುಕೊಟ್ಟ ಸ್ಕ್ರಿಪ್ಟು ಪ್ರತಿ ಶುಕ್ರವಾರ ರಾತ್ರಿ ಆ ಲೆಕ್ಕವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುತ್ತಿತ್ತು. ಎರಡು ವರ್ಷ ತೊಂದರೆಯಿಲ್ಲದೆ ನಡೆಯಿತು. ಬಳಿಕ ಹೊಸ ಕಂಪ್ಯೂಟರು ಬಂತು. ಸ್ಕ್ರಿಪ್ಟನ್ನು ಇದ್ದ ಹಾಗೆಯೇ ಅದಕ್ಕೆ ಹಾಕಲಾಯಿತು. ಏಳು ವಾರಗಳ ನಂತರ ಆ ಕಂಪ್ಯೂಟರು ಕೆಟ್ಟಿತು. ನಕಲು ತೆರೆದು ನೋಡಿದರೆ ಹಳೆಯ ಯಂತ್ರದ ಕೊನೆಯ ಶುಕ್ರವಾರಕ್ಕೇ ಅದು ನಿಂತುಹೋಗಿತ್ತು. ಹೆಂಗಸರ ಕೈಯಲ್ಲಿದ್ದ ಕಾಗದದ ರಶೀದಿಗಳಿಂದಲೇ ಉಳಿದ ಲೆಕ್ಕವನ್ನು ಕೂಡಿಸಬೇಕಾಯಿತು.

ಕಾರಣ ಒಂದು ಸಮಚಿಹ್ನೆ. ‘ಇಂದು ಶುಕ್ರವಾರವೇ?’ ಎಂದು ಕೇಳುವ ಸಾಲಿನಲ್ಲಿ ಎರಡು ಸಮಚಿಹ್ನೆಗಳಿದ್ದವು. ಹಳೆಯ ಯಂತ್ರದಲ್ಲಿ ‘ಎಸ್‌ಎಚ್’ ಎಂಬ ಹೆಸರಿನ ಹಿಂದೆ ಇದ್ದುದು ಬ್ಯಾಶ್. ಅದು ಒಂದು ಚಿಹ್ನೆಯನ್ನೂ ಒಪ್ಪುತ್ತದೆ, ಎರಡನ್ನೂ ಒಪ್ಪುತ್ತದೆ. ಹೊಸತರಲ್ಲಿ ಅದೇ ಹೆಸರಿನ ಹಿಂದೆ ಇದ್ದುದು ಡ್ಯಾಶ್. ಅದಕ್ಕೆ ಒಂದೇ ಚಿಹ್ನೆ ಗೊತ್ತು. ಎರಡನ್ನು ಕಂಡಾಗ ಅದು ದೋಷದ ಸಂದೇಶವೊಂದನ್ನು ಬರೆದು, ಉತ್ತರ ‘ಅಲ್ಲ’ ಎಂಬಂತೆ ಮುಂದೆ ಹೋಗುತ್ತದೆ. ನಡುರಾತ್ರಿ ತಾನಾಗಿ ನಡೆಯುವ ಕೆಲಸದ ಸಂದೇಶವನ್ನು ಓದುವವರು ಯಾರು?

ಸ್ಟೀಫನ್ ಬೋರ್ನ್ ಬರೆದ ಮೂಲ ‘ಎಸ್‌ಎಚ್’ 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಂದಿಗೆ ಬಂತು. ಬ್ರಯಾನ್ ಫಾಕ್ಸ್ ಅವರ ಬ್ಯಾಶ್ ಬಂದದ್ದು 1989ರಲ್ಲಿ. ಎಲ್ಲ ಶೆಲ್‌ಗಳೂ ಪಾಲಿಸಬೇಕಾದ ಕನಿಷ್ಠ ನಿಯಮಗಳನ್ನು ಪಾಸಿಕ್ಸ್ ಮಾನದಂಡ 1992ರಲ್ಲಿ ನಿಗದಿಪಡಿಸಿತು. ಅದರಲ್ಲಿದ್ದುದು ಒಂದೇ ಸಮಚಿಹ್ನೆ. ಯಂತ್ರ ಬೇಗ ಚಾಲೂ ಆಗಲೆಂದು ಉಬುಂಟು 2006ರಲ್ಲಿ, ಡೆಬಿಯನ್ 2011ರಲ್ಲಿ ಹಗುರವಾದ ಡ್ಯಾಶಿಗೆ ಬದಲಾದವು. ಬ್ಯಾಶಿನ ನಾಲ್ಕನೆಯ ಆವೃತ್ತಿ 2009ರಲ್ಲಿ ಬಂದರೂ ಆಪಲ್ ತನ್ನ ಕಂಪ್ಯೂಟರುಗಳಲ್ಲಿ 3.2ನ್ನೇ ಉಳಿಸಿಕೊಂಡಿತು, 2019ರಲ್ಲಿ ಬಳಕೆದಾರರ ಮುಂದೆ ಝಡ್‌ಶೆಲ್ಲನ್ನು ತಂದಿಟ್ಟಿತು. ಪ್ರತಿ ಬದಲಾವಣೆಗೂ ಅದರದೇ ಕಾರಣವಿತ್ತು.

ಹುಡುಗನನ್ನು ದೂರುವವರಿದ್ದರು. ನನಗೆ ಅದು ಸರಿಯೆನಿಸಲಿಲ್ಲ. ಅವನು ಬರೆದದ್ದನ್ನು ಎರಡು ವರ್ಷ ಯಂತ್ರವೇ ಒಪ್ಪಿಕೊಂಡಿತ್ತು. ಬ್ಯಾಶಿನ ಔದಾರ್ಯವನ್ನು ಎಲ್ಲರೂ ನಿಯಮವೆಂದು ತಿಳಿದರು. ನಮ್ಮ ಬ್ಯಾರಿ ಮನೆಗಳಲ್ಲಿ ಅರ್ಧ ಮಾತು ಆಡಿದರೂ ತಾಯಿಗೆ ಅರ್ಥವಾಗುತ್ತದೆ. ಅದೇ ಅರ್ಧ ಮಾತನ್ನು ತಾಲೂಕು ಕಚೇರಿಯ ಅರ್ಜಿಯಲ್ಲಿ ಬರೆದರೆ ಅರ್ಜಿ ಅಲ್ಲೇ ಉಳಿಯುತ್ತದೆ. ತಾಯಿಯದೂ ತಪ್ಪಲ್ಲ, ಗುಮಾಸ್ತನದೂ ತಪ್ಪಲ್ಲ. ಯಾರ ಮುಂದೆ ಮಾತನಾಡುತ್ತಿದ್ದೇವೆಂಬುದು ನಮಗೆ ತಿಳಿದಿರಬೇಕು.

ಬ್ಯಾಶ್ ಬೇಕಿದ್ದರೆ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಅದರ ಹೆಸರು ಹೇಳಬಹುದು. ಎಲ್ಲೆಡೆ ನಡೆಯಬೇಕಿದ್ದರೆ ಪಾಸಿಕ್ಸಿನ ಮಿತಿಯೊಳಗೆ ಬರೆಯಬಹುದು. ಮಿತಿ ಮೀರಿದ ಸಾಲುಗಳನ್ನು ತೋರಿಸಿಕೊಡುವ ‘ಶೆಲ್‌ಚೆಕ್’ನಂಥ ಉಚಿತ ಸಾಧನಗಳೂ ಇವೆ. ಇನ್ನೊಬ್ಬರ ಅಮಾನತ್ತಿನ ಲೆಕ್ಕ ಇಟ್ಟುಕೊಂಡವರು ಇವಿಷ್ಟಕ್ಕೇ ನಿಲ್ಲದೆ, ತಿಂಗಳಿಗೊಮ್ಮೆಯಾದರೂ ನಕಲನ್ನು ಕಣ್ಣಾರೆ ತೆರೆದು ನೋಡಬೇಕು.