ಕಾವು ಬದಲಾದಾಗ

ಬೇಸಾಯದ ಮನೆಯಲ್ಲಿ ಗುದ್ದಲಿಯ ಅಲಗು ಒಂದು ತಲೆಮಾರು ಬಾಳಿದರೂ ಅದರ ಕಾವು ಮತ್ತೆ ಮತ್ತೆ ಹೊಸದಾಗುತ್ತಿರುತ್ತದೆ. ತಾಳವಾಡಿ ಸೀಮೆಯ ಅನುಭವಸ್ಥ ರೈತನು ಹೊಸ ಕಾವು ಕೂರಿಸಿದ ಗುದ್ದಲಿಯನ್ನು ಕೂಡಲೇ ಹೊಲಕ್ಕೆ ಒಯ್ಯುವುದಿಲ್ಲ. ಅಂಗಳದಲ್ಲಿ ನಿಂತು ಎರಡು ಬಾರಿ ಎತ್ತಿ ಇಳಿಸುತ್ತಾನೆ. ಬೆರಳಿನ ಮೇಲೆ ಅಡ್ಡಲಾಗಿಟ್ಟು ಅದು ಎಲ್ಲಿ ಸಮತೂಗಿ ನಿಲ್ಲುವುದೆಂದು ನೋಡುತ್ತಾನೆ. ಅಲಗು ಹಳೆಯದೇ, ಆದರೂ ಕೈಗೆ ಅದು ಬೇರೆಯೇ ಉಪಕರಣ. ಒಣಗಿದ ದಿಂಡಿಗದ ಕಾವಿಗೂ ಬಿದಿರಿನ ಕಾವಿಗೂ ಇರುವ ಅಂತರವನ್ನು ಸಂಜೆಯ ಹೊತ್ತಿಗೆ ಹೆಗಲೇ ಹೇಳುತ್ತದೆ.

ಇದೇ ವಿಚಾರವು ಗಾಲ್ಫ್ ಆಟದಲ್ಲಿ ಅಳತೆ, ತೂಕಗಳುಳ್ಳ ಒಂದು ಶಾಸ್ತ್ರವಾಗಿ ಬೆಳೆದಿದೆ. ಚೆಂಡನ್ನು ಹೊಡೆಯುವ ಕೋಲಿಗೆ ಮೂರು ಅಂಗಗಳು: ಕೆಳಗೆ ಲೋಹದ ತಲೆ, ಮೇಲೆ ರಬ್ಬರಿನ ಹಿಡಿ, ಇವೆರಡನ್ನೂ ಕೂಡಿಸುವ ಉದ್ದನೆಯ ಕಾವು. ಈ ಕಾವನ್ನು ಆಟಗಾರರು ಶಾಫ್ಟ್ ಎನ್ನುತ್ತಾರೆ. ಒಂದು ಕಾಲದಲ್ಲಿ ಅದು ಹಿಕರಿ ಎಂಬ ಅಮೆರಿಕದ ಗಟ್ಟಿ ಮರದ್ದಾಗಿತ್ತು. ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕು ಮಹಾ ಸ್ಪರ್ಧೆಗಳನ್ನು ಗೆದ್ದದ್ದು ಹಿಕರಿಯ ಕೋಲುಗಳಿಂದಲೇ. ವೃತ್ತಿಯಿಂದ ವಕೀಲರಾಗಿದ್ದ ಆತ ಆ ಕೋಲುಗಳನ್ನು ಕೈಯ ಅಂದಾಜಿನಿಂದ ಒಂದೊಂದಾಗಿ ಆರಿಸಿಕೊಂಡಿದ್ದರು. ಮುಂದೆ ಅವುಗಳನ್ನು ಯಂತ್ರದಲ್ಲಿ ತೂಗಿದಾಗ ಒಂದನ್ನುಳಿದು ಮಿಕ್ಕವೆಲ್ಲ ಪರಸ್ಪರ ಹೊಂದಿದ್ದವೆಂದೂ, ಹೊಂದದಿದ್ದ ಆ ಒಂದೇ ಕೋಲು ಆತನಿಗೆ ಸದಾ ತೊಂದರೆ ಕೊಡುತ್ತಿತ್ತೆಂದೂ ಗಾಲ್ಫ್ ಬಲ್ಲವರಲ್ಲಿ ಒಂದು ಕಥೆ ಪ್ರಚಲಿತವಾಗಿದೆ.

ಬ್ರಿಟನ್ನಿನ ನಿಯಮಕರ್ತರು ಉಕ್ಕಿನ ಕಾವಿಗೆ ಒಪ್ಪಿಗೆಯಿತ್ತದ್ದು 1929ರಲ್ಲಿ. 1970ರ ದಶಕದಲ್ಲಿ ಇಂಗಾಲದ ಎಳೆಗಳಿಂದ ಮಾಡಿದ ಗ್ರಾಫೈಟ್ ಕಾವು ಬಳಕೆಗೆ ಬಂದಿತು. ಮರಕ್ಕಿಂತ ಉಕ್ಕು ಕಡಿಮೆ ತಿರುಚಿಕೊಳ್ಳುತ್ತದೆ. ಉಕ್ಕಿಗಿಂತ ಗ್ರಾಫೈಟ್ ಹಗುರ, ಮೇಲಾಗಿ ಹೊಡೆತದ ಕಂಪನವನ್ನು ಕೈಗೆ ಅಷ್ಟಾಗಿ ಮುಟ್ಟಿಸುವುದಿಲ್ಲ. ಪ್ರತಿಯೊಂದು ಬದಲಾವಣೆಯೂ ಲಾಭದೊಡನೆ ಒಂದು ಲೆಕ್ಕವನ್ನೂ ತಂದಿತು. ಆ ಲೆಕ್ಕ ಒಬ್ಬ ಬಡ ಕುಶಲಕರ್ಮಿಯ ಪಾಲಿಗೆ ಹೇಗೆ ಬಂದಿತೆಂಬುದು ಇಲ್ಲಿಯ ವಿಷಯ.

ಆತ ತಾಳವಾಡಿ ಕಡೆಯ ರೈತನ ಮಗ. ಹದಿನಾರನೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಉದಕಮಂಡಲಕ್ಕೆ ಹತ್ತಿದವನು. ವೆನ್‌ಲಾಕ್ ಡೌನ್ಸ್‌ನ ಹುಲ್ಲುಗುಡ್ಡಗಳ ಮೇಲೆ ಆಟಗಾರರ ಚೀಲ ಹೊತ್ತು ನಡೆಯುತ್ತ, ಬಿಡುವಿನಲ್ಲಿ ಕೋಲುಗಳನ್ನು ರಿಪೇರಿ ಮಾಡುವ ವಿದ್ಯೆಯನ್ನು ಕಲಿತ. ಇಂದು ಒಂದು ಚಿಕ್ಕ ತಗಡಿನ ಶೆಡ್ಡಿನಲ್ಲಿ ಅದೇ ಅವನ ಜೀವನೋಪಾಯ. ಮಗಳು ಊರಿನಲ್ಲಿ ಅಜ್ಜನ ಮನೆಯಲ್ಲಿದ್ದುಕೊಂಡು ಕನ್ನಡ ಮಾಧ್ಯಮದ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ.

ಅವನಲ್ಲಿಗೆ ಎಪ್ಪತ್ತು ದಾಟಿದ ಹಳೆಯ ಗಿರಾಕಿಯೊಬ್ಬರು ಬಂದರು. ಮೊಣಕೈ ನೋವು ಹೆಚ್ಚಾಗಿ ಆಟವನ್ನೇ ಬಿಡಬೇಕಾದ ಸ್ಥಿತಿ. ಎಂಟು ಕೋಲುಗಳ ಉಕ್ಕಿನ ಕಾವು ತೆಗೆದು ಗ್ರಾಫೈಟ್ ಹಾಕಿಕೊಡುವಂತೆ ಕೇಳಿ, "ಅಳತೆ ಮಾತ್ರ ಹಳೆಯದೇ ಇರಲಿ" ಎಂದು ಹೇಳಿ ಮುಂಗಡ ಕೊಟ್ಟರು. ಆ ಹಣದಲ್ಲಿ ಕಾವುಗಳನ್ನು ಕೊಂಡದ್ದಾಯಿತು. ಮಿಕ್ಕದ್ದು ಮಗಳ ಪುಸ್ತಕಕ್ಕೂ ಸಮವಸ್ತ್ರಕ್ಕೂ ಸಂದಿತು. ಅವನು ತಲೆಗಳನ್ನು ಬಿಸಿ ಮಾಡಿ ಹಳೆಯ ಅಂಟನ್ನು ಸಡಿಲಿಸಿ ಕಳಚಿದ. ಹೊಸ ಕಾವುಗಳನ್ನು ಹಳೆಯ ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿ ಅಂಟಿಸಿದ. ಏಳು ಕೋಲುಗಳು ಮುಗಿದವು. ಮರಳುಗುಂಡಿಯಿಂದ ಚೆಂಡನ್ನು ಎತ್ತುವ ಎಂಟನೆಯ ಕೋಲು ಮಾತ್ರ ಉಳಿದಿತ್ತು.

ಹಿರಿಯರು ಹೊಸ ಕೋಲನ್ನು ಬೀಸಿ ನೋಡಿ ಮುಖ ಸಣ್ಣದು ಮಾಡಿಕೊಂಡರು. "ಏನಪ್ಪಾ, ಇದಕ್ಕೆ ತಲೆಯೇ ಇಲ್ಲವಲ್ಲ!"

ತಲೆ ಅದೇ ಆಗಿತ್ತು. ಒಂದು ಗ್ರಾಮಿನಷ್ಟೂ ಸವೆದಿರಲಿಲ್ಲ. ಕೇಳಿದ್ದನ್ನು ಕೇಳಿದಂತೆಯೇ ಮಾಡಿಕೊಟ್ಟಿದ್ದ. ಕರಾರಿನ ಅಕ್ಷರವನ್ನು ಹಿಡಿದು ನೋಡಿದರೆ ಅವನ ಮೇಲೆ ಯಾವ ಹೊಣೆಯೂ ಇರಲಿಲ್ಲ. ವಯಸ್ಸಾದವರ ಕೈಗೆ ಹಾಗನ್ನಿಸುತ್ತದೆ ಎಂದು ಜಾರಿಕೊಳ್ಳಲೂ ಬಹುದಿತ್ತು. ಆದರೆ ಆ ಮನುಷ್ಯ ಹಣ ಕೊಟ್ಟದ್ದು ಕಾವಿಗಾಗಿ ಅಲ್ಲ, ಇನ್ನೆರಡು ವರ್ಷ ಆಡುವುದಕ್ಕಾಗಿ. ಕತ್ತರಿಸಿದ ಕಾವನ್ನು ಅಂಗಡಿಯವನು ಹಿಂದಕ್ಕೆ ಪಡೆಯುವುದಿಲ್ಲ. ಖರ್ಚಾದ ಹಣವೂ ಹಿಂದಿರುಗುವುದಿಲ್ಲ. "ಒಂದು ವಾರ ಕೊಡಿ ಸಾರ್" ಎಂದಷ್ಟೇ ಹೇಳಿ, ಆ ಭಾನುವಾರ ಒಂದು ಕೋಲನ್ನೂ ಅದರಿಂದ ತೆಗೆದ ಉಕ್ಕಿನ ಕಾವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಇಳಿದ.

ಅವನ ತಂದೆ ಗಾಲ್ಫ್ ಕಂಡವರಲ್ಲ. ಕೋಲನ್ನು ಗುದ್ದಲಿಯಂತೆಯೇ ಬೆರಳ ಮೇಲೆ ಇಟ್ಟರು, ಒಮ್ಮೆ ಎತ್ತಿ ಇಳಿಸಿದರು. "ಕಾವು ಬದ್ಲಾದ್ರೆ ಗುದ್ಲಿನೇ ಬದ್ಲಾದಂಗೆ ಮಗಾ. ಎಲ್ಲಿ ಕಡ್ಮೆ ಆಯ್ತು ಅಂತ ನೋಡು" ಎಂದರು. ಎಷ್ಟು ಕಡಿಮೆಯಾಯಿತು ಎನ್ನಲಿಲ್ಲ, ಎಲ್ಲಿ ಎಂದರು. ಆ ಒಂದು ಪದದಲ್ಲಿಯೇ ಉತ್ತರವಿತ್ತು.

ಗಾಲ್ಫ್ ಕೋಲಿನ ಒಟ್ಟು ತೂಕ ಒಂದು, ಬೀಸುವಾಗ ಕೈಗೆ ತೋರುವ ತೂಕ ಇನ್ನೊಂದು. ಎರಡನೆಯದನ್ನು ಅಳೆಯಲು ಅಮೆರಿಕದ ರಾಬರ್ಟ್ ಆಡಮ್ಸ್ ಒಂದು ತಕ್ಕಡಿಯನ್ನು ರೂಪಿಸಿದರು. ಹಿಡಿಯ ತುದಿಯಿಂದ 14 ಅಂಗುಲ ದೂರದಲ್ಲಿ ಕೋಲಿಗೆ ಆಧಾರ ಕೊಟ್ಟು, ತಲೆಯ ಕಡೆಗೆ ಅದು ಎಷ್ಟು ಬಲದಿಂದ ಬಾಗುತ್ತದೆಂದು ನೋಡುವುದೇ ಅದರ ಕ್ರಮ. ಆಧಾರದಿಂದ ದೂರವಿರುವ ಚಿಕ್ಕ ತೂಕವು ಹತ್ತಿರವಿರುವ ದೊಡ್ಡ ತೂಕಕ್ಕೆ ಸಮವಾಗಬಲ್ಲದು. ಏತದ ಮರವನ್ನು ಕಂಡವರಿಗೆ ಇದು ಹೊಸದಲ್ಲ. ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ: ಹಿಡಿಯ ಕಡೆ ತೂಕ ಸೇರಿಸಿದರೆ ಕೋಲು ಒಟ್ಟಾರೆ ಭಾರವಾಗುತ್ತದೆ, ಆದರೆ ಬೀಸುವವನಿಗೆ ತಲೆ ಹಗುರವಾದಂತೆ ತೋರುತ್ತದೆ.

ಮಗಳು ನೋಟುಪುಸ್ತಕ ತೆಗೆದಳು. ಸನ್ನೆಗೋಲಿನ ಪಾಠ ಅವಳಿಗೆ ಬಾಯಿಗೆ ಬರುತ್ತಿತ್ತು. ಉಕ್ಕಿನ ಕಾವು ಸುಮಾರು 120 ಗ್ರಾಂ, ಗ್ರಾಫೈಟ್ 70. ಕಳೆದದ್ದು 50 ಗ್ರಾಂ. ಕಾವಿನ ತೂಕದ ನಡು ಆಧಾರದಿಂದ ಸುಮಾರು 4 ಅಂಗುಲ ಆಚೆಗಿದೆ. ಐವತ್ತನ್ನು ನಾಲ್ಕರಿಂದ ಗುಣಿಸಿದರೆ 200. ತಲೆ ಇರುವುದು ಸುಮಾರು 22 ಅಂಗುಲ ಆಚೆ. ಇನ್ನೂರನ್ನು ಇಪ್ಪತ್ತೆರಡರಿಂದ ಭಾಗಿಸಿದರೆ 9 ಗ್ರಾಂ. "ಅಪ್ಪಾ, ಐವತ್ತು ಹೋಗಿದ್ದಕ್ಕೆ ಐವತ್ತು ಹಾಕಬೇಕಿಲ್ಲ. ತಲೆ ಹತ್ತಿರ ಒಂಬತ್ತು ಹಾಕಿದರೆ ಸಾಕು" ಎಂದಳು.

ಕಾವನ್ನು ಅರ್ಧ ಅಂಗುಲ ಉದ್ದ ಬಿಟ್ಟಿದ್ದರೆ ಇಷ್ಟು ತೂಕವೂ ಬೇಕಾಗುತ್ತಿರಲಿಲ್ಲ, ಉದ್ದವೂ ತಲೆಯನ್ನು ಭಾರವಾಗಿ ತೋರಿಸುತ್ತದೆ. ಆದರೆ ಅಳತೆ ಮುಗಿದ ಮಾತಾಗಿತ್ತು. ಅವನು ಮರಳಿ ಬಂದು ಏಳು ತಲೆಗಳ ಬೆನ್ನಿಗೂ ಸೀಸದ ತೆಳು ಪಟ್ಟಿಯನ್ನು ತೂಗಿ ತೂಗಿ ಅಂಟಿಸಿದ. ಪ್ರತಿಯೊಂದು ಕೋಲೂ ಮೊದಲಿಗಿಂತ ಸುಮಾರು ನಲವತ್ತು ಗ್ರಾಂ ಹಗುರವಾಗಿಯೇ ಉಳಿಯಿತು. ತಲೆ ಮಾತ್ರ ತನ್ನ ಇರವನ್ನು ಕೈಗೆ ಮತ್ತೆ ತಿಳಿಸತೊಡಗಿತು. ತಲೆಯ ಭಾರ ಹೆಚ್ಚಿದಂತೆ ಕಾವು ತುಸು ಹೆಚ್ಚು ಬಾಗುತ್ತದೆ. ನಿಧಾನವಾಗಿ ಬೀಸುವ ವೃದ್ಧರಿಗೆ ಅದು ತೊಡಕಲ್ಲ, ಅನುಕೂಲವೇ.

ಆದರೂ ಎಲ್ಲವೂ ಹಿಂದಿನಂತಾಯಿತು ಎನ್ನುವಂತಿಲ್ಲ. ಚೆಂಡು ತಲೆಯ ನಡುವಿಗೆ ತಗುಲಿತೋ ಅಂಚಿಗೆ ತಗುಲಿತೋ ಎಂಬುದನ್ನು ಉಕ್ಕು ಅಂಗೈಗೆ ಒಡನೆಯೇ ಹೇಳುತ್ತಿತ್ತು. ಗ್ರಾಫೈಟ್ ಆ ಸುದ್ದಿಯನ್ನು ಮೆಲ್ಲಗೆ ಹೇಳುತ್ತದೆ. ಮೊಣಕೈಯನ್ನು ಕಾಯುವ ಗುಣವೇ ಈ ಅರಿವನ್ನು ಮಂಕಾಗಿಸುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಉಪಾಯವಿಲ್ಲ. ಹಿರಿಯರು ಇದನ್ನು ಕೇಳಿ, ಕೋಲನ್ನು ನಾಲ್ಕು ಬಾರಿ ಬೀಸಿ, ಮೊಣಕೈಯನ್ನು ಸವರಿಕೊಂಡು, "ಇರಲಿ, ಕಿವಿ ಮಂದವಾದ ಮೇಲೂ ಮನೆಯಲ್ಲಿ ಮಾತು ನಿಲ್ಲಿಸಿದ್ದೇವೆಯೇ?" ಎಂದರು.

ಎಂಟನೆಯ ಕೋಲಿಗೆ ಅವನು ಕೈ ಹಚ್ಚಲಿಲ್ಲ. ಮರಳಿನೊಳಗೆ ನುಗ್ಗಿ ಹೊರಬರುವ ಕೋಲಿಗೆ ಭಾರವೇ ಬಲ. ಅದನ್ನು ದೂರಕ್ಕಾಗಿ ಜೋರಾಗಿ ಬೀಸುವ ಪ್ರಮೇಯವೂ ಕಡಿಮೆ. ಅಲ್ಲಿ ಉಕ್ಕೇ ಇರಲಿ ಎಂದು ತಿಳಿಸಿ, ಕತ್ತರಿಸದೆ ಉಳಿದಿದ್ದ ಒಂದು ಕಾವನ್ನು ಅಂಗಡಿಗೆ ಹಿಂದಿರುಗಿಸಿ, ಅದರ ಬೆಲೆಯನ್ನು ಎಣಿಸಿ ಅವರ ಕೈಗಿಟ್ಟ. ಸೀಸಕ್ಕೆ ಬೇರೆ ಹಣ ಕೇಳಲಿಲ್ಲ. ಮುಂದಿನ ತಿಂಗಳು ಅದೇ ಹಿರಿಯರು ತಮ್ಮ ಜೊತೆಯ ಇಬ್ಬರನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ಈ ಬಾರಿ ಅವನು ಅಳತೆಪಟ್ಟಿಯನ್ನು ಮುಟ್ಟುವ ಮೊದಲು ಅವರಿಬ್ಬರ ಕೈಗೂ ಒಂದೊಂದು ಕೋಲು ಕೊಟ್ಟು, "ಬೀಸಿ ನೋಡಿ ಸಾರ್, ಎಲ್ಲಿ ಭಾರ ಅನ್ನಿಸುತ್ತದೆ, ಹೇಳಿ" ಎಂದು ಕೇಳಿದ.